ಟೈಟಾನಿಯಂಗೆ ಕೂಲಂಟ್ ಹೊಳೆಯೋ, ಎಣ್ಣೆಯ ಹನಿಯೋ, ತಣ್ಣನೆ ಗಾಳಿಯೋ?

ಟೈಟಾನಿಯಂ ಕತ್ತರಿಸುವಾಗ ಟೂಲ್ ಸುಡದಂತೆ ಏನು ಹಾಕಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಂಕ್ಯೂಎಲ್‌ಗೆ. ಗಾಳಿಯ ಜೊತೆ ಚೂರೇ ಚೂರು ಎಣ್ಣೆ ಬೆರೆಸಿ ಟೂಲ್‌ನ ತುದಿಗೆ ಊದುವ ಪದ್ಧತಿ ಅದು. ಆದರೆ ಅಲ್ಲಿಗೆ ಬರುವ ಮೊದಲು ಬರೀ ತಣ್ಣನೆ ಗಾಳಿ ಊದುವ ಕೋಲ್ಡ್ ಏರ್ ಗನ್‌ಗೆ ದುಡ್ಡು ಹಾಕಿ ಕೈ ಸುಟ್ಟುಕೊಂಡೆ.

ಪೀಣ್ಯದಲ್ಲಿ ನಮ್ಮದು ಎರಡು ವಿಎಂಸಿ, ಅಂದರೆ ಕಂಪ್ಯೂಟರ್ ನಡೆಸುವ ಲೋಹ ಕತ್ತರಿಸುವ ಮಷಿನ್ ಇರುವ ಸಣ್ಣ ಶಾಪ್. ಅಲ್ಯೂಮಿನಿಯಂ, ಎಂಎಸ್ (ಮೈಲ್ಡ್ ಸ್ಟೀಲ್) ಜಾಬ್‌ಗಳೇ ಜಾಸ್ತಿ. ಕಳೆದ ವರ್ಷ ಗ್ರೇಡ್ 5 ಟೈಟಾನಿಯಂ ಬ್ರಾಕೆಟ್‌ಗಳ ಆರ್ಡರ್ ಸಿಕ್ಕಿತು. ಈ ಲೋಹದ ತಂಟೆ ಗೊತ್ತಲ್ವಾ? ಶಾಖ ಸಾಗಿಸುವುದರಲ್ಲಿ ಎಂಎಸ್‌ನ ಏಳನೇ ಒಂದು ಪಾಲು. ಎಂಎಸ್‌ನಲ್ಲಿ ಬಿಸಿ ಬಹುಪಾಲು ಚಿಪ್ (ಕತ್ತರಿಸಿ ಬಿದ್ದ ಲೋಹದ ಚೂರು) ಜೊತೆ ಹಾರಿಹೋಗುತ್ತದೆ. ಇಲ್ಲಿ ಟೂಲ್‌ನ ಅಂಚಿಗೇ ಬಂದು ಕೂರುತ್ತದೆ.

ಕೂಲಂಟ್, ಅಂದರೆ ಟೂಲ್ ತಣಿಸುವ ದ್ರವ, ಸುರಿದರೆ ಕೆಲಸ ಆಗುತ್ತದೆ, ಸುಳ್ಳು ಹೇಳಲ್ಲ. ಆದರೆ ನಮಗೆ ಭಾನುವಾರ ರಜೆ. ಮಷಿನ್‌ನ ಸ್ಲೈಡ್‌ಗಳಿಂದ ಇಳಿದ ಎಣ್ಣೆ 200 ಲೀಟರ್ ಟ್ಯಾಂಕ್‌ನ ಮೇಲೆ ಪದರ ಕಟ್ಟಿ ಗಾಳಿ ಮುಚ್ಚಿಬಿಡುತ್ತದೆ. ಸೋಮವಾರ ಬೆಳಿಗ್ಗೆ ಶಟರ್ ಎತ್ತಿದರೆ ಕೊಳೆತ ಮೊಟ್ಟೆ ವಾಸನೆ. ಆಪರೇಟರ್ ಹುಡುಗನ ಬೆರಳ ಸಂದಿಯಲ್ಲೆಲ್ಲ ತುರಿಕೆ. ಹಳೇ ಕೂಲಂಟನ್ನು ಮೋರಿಗೆ ಬಿಡುವಂತಿಲ್ಲ, ವಿಲೇವಾರಿಗೆ ಬೇರೆ ಖರ್ಚು.

ಕೋಲ್ಡ್ ಏರ್ ಗನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಾಳಿ ತಣ್ಣಗೇ ಬರುತ್ತದೆ, ಆದರೆ ಜಾರಿಕೆ ಕೊಡುವವರು ಯಾರು? ಟೈಟಾನಿಯಂ ಅಂಚಿಗೆ ಮೆತ್ತಿಕೊಂಡಿತು. ನಮ್ಮ 5 ಎಚ್‌ಪಿ ಕಂಪ್ರೆಸರ್ ಒಂದು ನಿಮಿಷವೂ ನಿಲ್ಲಲಿಲ್ಲ. ಲಿಕ್ವಿಡ್ ನೈಟ್ರೋಜನ್ ಅಂತೀರಾ? ಮೈನಸ್ 196 ಡಿಗ್ರಿ, ದೊಡ್ಡವರ ಆಟ.

ಎಂಕ್ಯೂಎಲ್ ಗಂಟೆಗೆ ಸುಮಾರು 30 ಮಿಲಿ ಕುಡಿಯುತ್ತದೆ. ಇಡೀ ಶಿಫ್ಟ್‌ಗೆ ಕಾಲು ಲೀಟರ್. ಹಾಗಿದ್ದರೂ ಮೊದಲ ವಾರ ಅದನ್ನೂ ವಾಪಸ್ ಕಳಿಸುವವನಿದ್ದೆ.

ಮೊದಲು ದಪ್ಪಗೆ ಕೆತ್ತುವ 16 ಎಂಎಂ ರಫಿಂಗ್ ಕಟ್ಟರ್ ಚೆನ್ನಾಗಿಯೇ ಓಡುತ್ತಿತ್ತು. ಕೊನೆಗೆ ನಯ ಮಾಡುವ 6 ಎಂಎಂ ಫಿನಿಶಿಂಗ್ ಕಟ್ಟರ್ ಮಾತ್ರ ಐದನೇ ಪೀಸ್‌ಗೇ ಖಲಾಸ್. ಎಣ್ಣೆ ಸರಿಯಿಲ್ಲ ಅಂತ ಎಣ್ಣೆ ಬದಲಿಸಿದೆ. ಕತ್ತರಿಸುವ ಸ್ಪೀಡ್ ನಿಮಿಷಕ್ಕೆ 60ರಿಂದ 45 ಮೀಟರ್‌ಗೆ ಇಳಿಸಿದೆ. ಊಹ್ಞೂಂ. ಹೊರಗಿನಿಂದ ನೋಡಿದರೆ ಮಂಜು ಕಾಣುತ್ತದೆ, ಸೊಯ್ ಅಂತ ಸದ್ದೂ ಬರುತ್ತದೆ, ಇನ್ನೇನು ಬೇಕು?

ಹುಡುಗ ಒಂದು ದಿನ ಬಂದು, "ಸಾರ್, ಜಾಬ್ ಮೇಲೆ ಒಂದೇ ಕಡೆ ಎಣ್ಣೆ ಹೊಳೀತಿದೆ, ಕಟ್ಟರ್ ಒಣಗೇ ಇದೆ" ಅಂದ. ಆಗ ತಲೆಗೆ ಹೊಳೆಯಿತು. ಎಣ್ಣೆ ಊದುವ ನಾಝಲ್ ಅನ್ನು ಟೂಲ್ ತಿರುಗಿಸುವ ಸ್ಪಿಂಡಲ್‌ನ ಹೆಡ್‌ಗೆ ಬಿಗಿದಿದ್ದೆವು, ಗುರಿ ಇಟ್ಟಿದ್ದು ಉದ್ದನೆಯ ರಫಿಂಗ್ ಟೂಲ್‌ಗೆ. ಅದಕ್ಕಿಂತ 25 ಎಂಎಂ ಗಿಡ್ಡ ಟೂಲ್ ಬಂದಾಗ ಹನಿಯೆಲ್ಲ ತುದಿಗೆ ತಾಗದೆ ಜಾಬ್ ಮೇಲೆ ಚೆಲ್ಲುತ್ತಿತ್ತು. ಕೂಲಂಟ್ ಆದರೆ ಗುರಿ ತಪ್ಪಿದರೂ ಹರಿದು ಬಂದು ತಲುಪೀತು, ಹನಿ ತಲುಪಲ್ಲ.

ಈಗ ಟೈಟಾನಿಯಂಗೆ ಬಳಸುವ ಟೂಲ್‌ಗಳನ್ನೆಲ್ಲ ಉದ್ದ ಹೋಲ್ಡರ್ ಹಾಕಿ ಒಂದೇ ಉದ್ದಕ್ಕೆ ಕಟ್ಟುತ್ತೇವೆ. ಎದುರು ಬದಿಗೆ ಇನ್ನೊಂದು ನಾಝಲ್ ಕೂಡ ಕೂರಿಸಿದೆ. ದಿನಾ ಬೆಳಿಗ್ಗೆ ಸ್ಪಿಂಡಲ್ ನಿಲ್ಲಿಸಿ, ಟೂಲ್ ಹಿಂದೆ ಹಳೇ ಪೇಪರ್ ಹಿಡಿದು ಐದು ಸೆಕೆಂಡ್ ಊದಿಸುತ್ತೇವೆ. ಎಣ್ಣೆ ಕಲೆಯ ನಡುವೆ ಕಟ್ಟರ್‌ನ ನೆರಳಿನ ಹಾಗೆ ಒಣ ಪಟ್ಟಿ ಉಳಿದರೆ ಗುರಿ ಸರಿ.

ಆಳದ ಡ್ರಿಲ್ಲಿಂಗ್‌ಗೆ ಇದು ನನಗೆ ಆಗಿಬರಲಿಲ್ಲ. ತೂತಿನೊಳಗಿನ ಚಿಪ್ ಹೊರಗೆ ಬರುವುದೇ ಇಲ್ಲ. ಅದಕ್ಕೇ ಎರಡನೇ ಮಷಿನ್‌ನಲ್ಲಿ ಕೂಲಂಟ್ ಹಾಗೇ ಇಟ್ಟಿದ್ದೇನೆ. ದಿನವಿಡೀ ಡ್ರಿಲ್ ಹೊಡೆಯುವವರು ಎಂಕ್ಯೂಎಲ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಇನ್ನೊಂದು, ಟೈಟಾನಿಯಂನ ಸಣ್ಣ ಚಿಪ್‌ಗೆ ಬೆಂಕಿ ಹತ್ತಬಹುದು, ಅದಕ್ಕೆ ನೀರು ಹಾಕಲೇಬಾರದು. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ.

ನಮ್ಮದು ಸಣ್ಣ ಲಾಟ್, ಪಾಕೆಟ್ (ಗುಳಿ) ಮತ್ತು ಪ್ರೊಫೈಲ್ (ಹೊರ ಅಂಚು) ಕೆತ್ತುವ ಕೆಲಸ. ಮೊದಲ ಮಷಿನ್‌ನ ಟ್ಯಾಂಕ್ ತೊಳೆದು ಒಣಗಿಸಿ ಆರು ತಿಂಗಳಾಯಿತು. ಸೋಮವಾರ ಈಗ ಎರಡನೇ ಮಷಿನ್ ಕಡೆಯಿಂದ ಮಾತ್ರ ವಾಸನೆ.