ಸ್ಪೋರ್ಟ್ಸ್‌ನೆಟ್ ಎಲ್‌ಎ: ವಿನ್ ಸ್ಕಲ್ಲಿ ಇದ್ದ ಮೂರು ಸೀಸನ್, ಹೋದ ಮೇಲಿನ ಒಂಬತ್ತು

ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಬೇಸ್‌ಬಾಲ್ ಪಂದ್ಯಗಳನ್ನು ತೋರಿಸುವ ಈ ಚಾನೆಲ್‌ಗೆ ನಾನು 2014ರ ಜುಲೈನಿಂದ ತಪ್ಪದೆ ದುಡ್ಡು ಕಟ್ಟಿಕೊಂಡು ಬಂದಿದ್ದೇನೆ. ಒಬ್ಬರ ದನಿ ಕೇಳಬೇಕು ಅಂತ ಶುರು ಮಾಡಿದ ಚಂದಾ ಇದು. ವಿನ್ ಸ್ಕಲ್ಲಿ ಡಾಡ್ಜರ್ಸ್ ಪಂದ್ಯಗಳ ವೀಕ್ಷಕ ವಿವರಣೆಗೆ ಕೂತದ್ದು 1950ರಲ್ಲಿ, ತಂಡ ಇನ್ನೂ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಕಾಲದಲ್ಲಿ. ಎದ್ದದ್ದು 2016ರ ಅಕ್ಟೋಬರ್ 2ರಂದು. ಒಟ್ಟು 67 ಸೀಸನ್. ಇಲ್ಲೇ ಲಾಸ್ ಏಂಜಲೀಸ್ ಪಕ್ಕದ ಟಾರೆನ್ಸ್‌ಗೆ ಹೊಸದಾಗಿ ಬಂದ ಹಾಸನದ ಕಡೆಯ ಒಂದು ಸಂಸಾರ ಮೊನ್ನೆ ಕೇಳಿತು, "ಅಕ್ಕಾ, ಈ ಚಾನೆಲ್ ತಗೋಬಹುದಾ?" ಅಂತ. ಎರಡು ಮಾತಿನಲ್ಲಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. 2006ರಲ್ಲಿ ಇಲ್ಲಿಗೆ ಬಂದಾಗ ಬೇಸ್‌ಬಾಲ್ ಅಂದರೆ ದೊಣ್ಣೆ ಹಿಡಿದು ನಿಲ್ಲುವ ಆಟ ಅನ್ನುವುದರ ಆಚೆಗೆ ಏನೂ ಗೊತ್ತಿರಲಿಲ್ಲ. ಸಂಜೆ ಕೆಲಸ ಮುಗಿಸಿ 405 ಫ್ರೀವೇಯಲ್ಲಿ ಕಾರು ಆಮೆಯ ಹಾಗೆ ತೆವಳುವಾಗ ರೇಡಿಯೋ ತಿರುವುತ್ತಿದ್ದೆ. ಒಂದು ಸಂಜೆ ಒಬ್ಬ ಹಿರಿಯರ ದನಿ ಸಿಕ್ಕಿತು. ಎಲ್ಲಿದ್ದೀರೋ ಅಲ್ಲಿಗೇ ನಿಮಗೆ ಶುಭಸಂಜೆ ಅಂತ ಹೇಳಿ ಮಾತು ಶುರು ಮಾಡಿದರು. ಆ ಹೊತ್ತಿಗೆ ನಾನಿದ್ದದ್ದು ನಾಲ್ಕು ಸಾಲು ಬ್ರೇಕ್ ಲೈಟುಗಳ ನಡುವೆ. ನನಗೇ ಹೇಳಿದರು ಅನ್ನಿಸಿತು. ಆಟ ಅರ್ಥವಾಗದಿದ್ದರೂ ಸ್ಟೇಷನ್ ಬದಲಿಸಲಿಲ್ಲ.

ಆಗ ಸ್ಕಲ್ಲಿಯವರ ಮಾತು ರೇಡಿಯೋದಲ್ಲಿ ಬರುತ್ತಿದ್ದದ್ದು ಮೊದಲ ಮೂರು ಇನ್ನಿಂಗ್ಸ್ ಮಾತ್ರ. ಟಿವಿಗೆ ಕೊಡುತ್ತಿದ್ದ ವಿವರಣೆಯೇ ರೇಡಿಯೋಗೂ ಹೋಗುತ್ತಿತ್ತು. ನಾಲ್ಕನೇ ಇನ್ನಿಂಗ್ಸ್‌ನಿಂದ ರೇಡಿಯೋಗೆ ಬೇರೆಯವರು ಬಂದು ಕೂರುತ್ತಿದ್ದರು, ಇವರು ಟಿವಿಗಷ್ಟೇ ಉಳಿಯುತ್ತಿದ್ದರು. ಏಳು ಗಂಟೆ ಹತ್ತು ನಿಮಿಷಕ್ಕೆ ಆಟ ಶುರುವಾದರೆ ಎಂಟು ಗಂಟೆಯ ಸುಮಾರಿಗೆ ನಾನು ಮನೆ ಸೇರಿ, ಚಪ್ಪಲಿ ಬಿಡುವ ಮೊದಲೇ ಟಿವಿ ಹಾಕುತ್ತಿದ್ದೆ. ಸ್ಟ್ರೈಕ್ ಅಂದರೇನು, ಬಾಲ್ ಅಂದರೇನು, ಡಬಲ್ ಪ್ಲೇ ಹೇಗಾಗುತ್ತದೆ, ಎಲ್ಲವನ್ನೂ ಕಲಿತದ್ದು ಅವರ ಬಾಯಿಂದಲೇ. ಪಾಠ ಮಾಡುತ್ತಿದ್ದೇನೆ ಅಂತ ಅವರು ಒಂದು ದಿನವೂ ಅನ್ನಿಸಗೊಡಲಿಲ್ಲ.

ಅವರ ಕೆಲಸದ ಗುಟ್ಟು ಏನು ಅಂತ ನಾನು ಬಹಳ ಯೋಚಿಸಿದ್ದೇನೆ. ಟಿವಿಯಲ್ಲಿ ಬೇರೆ ಎಲ್ಲ ತಂಡಗಳಿಗೂ ಇಬ್ಬರೋ ಮೂವರೋ ವಿವರಣೆಗಾರರು. ಇವರು ಒಬ್ಬರೇ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮಾತು ಅವರ ಕಡೆ ತಿರುಗುತ್ತದೆ, ಕೇಳುವವನು ಹೊರಗೆ ಉಳಿಯುತ್ತಾನೆ. ಒಬ್ಬರೇ ಇದ್ದಾಗ ಮಾತು ನೇರವಾಗಿ ನಮ್ಮ ಮನೆಗೇ ಬರಬೇಕು. ಚಿಕ್ಕಂದಿನಲ್ಲಿ ಮೈಸೂರು ಆಕಾಶವಾಣಿಯಲ್ಲಿ ಜಂಬೂಸವಾರಿಯ ವೀಕ್ಷಕ ವಿವರಣೆ ಕೇಳುತ್ತಿದ್ದೆವು. ಅರಮನೆ ನಮ್ಮ ಮನೆಯಿಂದ ಎರಡು ಮೈಲಿ. ಆದರೂ ಅಜ್ಜಿಗೆ ಆ ಜನಜಂಗುಳಿಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ, ರೇಡಿಯೋ ಮುಂದೆಯೇ ಕೈ ಮುಗಿದು ಕೂರುತ್ತಿದ್ದರು. ಆನೆ ಎಲ್ಲಿಗೆ ಬಂತು, ಬಿಸಿಲು ಹೇಗಿದೆ, ಮರದ ಮೇಲೆ ಎಷ್ಟು ಹುಡುಗರು ಹತ್ತಿದ್ದಾರೆ, ಎಲ್ಲವೂ ಆ ಮಾತಿನಲ್ಲಿ ಇರುತ್ತಿತ್ತು. ಸ್ಕಲ್ಲಿ ಕೇಳಿದಾಗ ನನಗೆ ಆ ನಡುಮನೆ ನೆನಪಾಯಿತು.

ಅಮ್ಮ ಒಂದು ಬೇಸಿಗೆ ನಮ್ಮ ಜೊತೆ ಇರಲು ಬಂದಿದ್ದರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಮ್ಯಾಡಿಸನ್ ಬಮ್‌ಗಾರ್ನರ್ ಮೈದಾನದಲ್ಲಿದ್ದ ಒಂದು ರಾತ್ರಿ ಸ್ಕಲ್ಲಿ ಒಂದು ಕಥೆ ತೆಗೆದರು. ಬಮ್‌ಗಾರ್ನರ್ ಒಮ್ಮೆ ದೊಡ್ಡ ಹಾವೊಂದನ್ನು ಕೊಡಲಿಯಿಂದ ಕಡಿದನಂತೆ. ಹಾವಿನ ಹೊಟ್ಟೆಯೊಳಗೆ ಮೊಲದ ಮರಿ. ಅದಕ್ಕೆ ಇನ್ನೂ ಉಸಿರಿದ್ದದ್ದನ್ನು ಅವನ ಹೆಂಡತಿ ಗಮನಿಸಿದಳಂತೆ. ಮನೆಗೆ ತಂದು, ಹಾಲು ಕುಡಿಸಿ, ಚೇತರಿಸಿಕೊಂಡ ಮೇಲೆ ಕಾಡಿಗೆ ಬಿಟ್ಟರಂತೆ. ಈ ಕಥೆಯ ನಡುವೆ ಚೆಂಡು ಬರುತ್ತಿತ್ತು, ಸ್ಟ್ರೈಕ್ ಅನ್ನುತ್ತಿದ್ದರು, ಮತ್ತೆ ಹಾವಿಗೆ ಮರಳುತ್ತಿದ್ದರು. ಒಂದು ಎಸೆತವನ್ನೂ ಬಿಡಲಿಲ್ಲ, ಕಥೆಯ ಎಳೆಯನ್ನೂ ಬಿಡಲಿಲ್ಲ. ನಾನು ಪಕ್ಕದಲ್ಲಿ ಕೂತು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಮ್ಮ ಬಿಡಿಸುತ್ತಿದ್ದ ಅವರೆಕಾಳು ಕೈಯಲ್ಲೇ ಉಳಿಯಿತು. "ಮರಿ ಬದುಕಿತಾ?" ಅಂತ ಎರಡು ಸಲ ಕೇಳಿದರು. ಮಾರನೆಯ ದಿನದಿಂದ ಏಳು ಗಂಟೆಗೆ ಅವರೇ ರಿಮೋಟ್ ಹುಡುಕುತ್ತಿದ್ದರು.

ಮಾತಿನಷ್ಟೇ ದೊಡ್ಡದು ಅವರ ಮೌನ. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದಾಗ ಸ್ಕಲ್ಲಿ ಚೆಂಡು ಬೇಲಿ ದಾಟಿತು ಅಂತ ಹೇಳಿ ಸುಮ್ಮನಾದರು. ಜನರ ಕೂಗು ತಣಿಯುವವರೆಗೆ ಒಂದು ಮಾತಿಲ್ಲ. ಆಮೇಲೆ ಹೇಳಿದ್ದು, ಅಮೆರಿಕದ ದಕ್ಷಿಣದ ನೆಲದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಅಂತ. 1988ರ ವಿಶ್ವ ಸರಣಿಯ (ಸೀಸನ್ ಕೊನೆಗೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪಂದ್ಯಗಳು) ಮೊದಲ ಪಂದ್ಯದಲ್ಲಿ ಎರಡೂ ಕಾಲು ನೋಯುತ್ತಿದ್ದ ಕರ್ಕ್ ಗಿಬ್ಸನ್ ಕುಂಟುತ್ತಾ ಬಂದು ಪಂದ್ಯ ಗೆಲ್ಲಿಸುವ ಹೋಮ್ ರನ್ ಹೊಡೆದಾಗಲೂ ಹಾಗೇ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ಜನರ ಸದ್ದು. ಎಂಟು ವರ್ಷದ ಹುಡುಗನಾಗಿದ್ದಾಗ ಮನೆಯ ನಾಲ್ಕು ಕಾಲಿನ ದೊಡ್ಡ ರೇಡಿಯೋ ಕೆಳಗೆ ತೂರಿ ಮಲಗಿ, ಜನರ ಕೂಗು ತಲೆಯ ಮೇಲೆ ನೀರಿನ ಹಾಗೆ ಸುರಿಯುವುದನ್ನು ಅನುಭವಿಸುತ್ತಿದ್ದೆ ಅಂತ ಅವರು ಹಲವು ಸಲ ಹೇಳಿಕೊಂಡಿದ್ದಾರೆ. ತಾನು ಆಗ ಪಡೆದದ್ದನ್ನು ನಮಗೂ ಕೊಡಬೇಕು ಅಂತಲೇ ಅವರು ಸುಮ್ಮನಾಗುತ್ತಿದ್ದರು ಅಂತ ನನ್ನ ನಂಬಿಕೆ.

ಇನ್ನು ಚಾನೆಲ್ ವಿಷಯ. ಸ್ಪೋರ್ಟ್ಸ್‌ನೆಟ್ ಎಲ್‌ಎ ಶುರುವಾದದ್ದು 2014ರ ಫೆಬ್ರವರಿಯಲ್ಲಿ. ದರದ ಮಾತುಕತೆ ಮುರಿದು ಬಿದ್ದು, ಬಹುಪಾಲು ಕೇಬಲ್ ಮತ್ತು ಡಿಶ್ ಕಂಪನಿಗಳು ಅದನ್ನು ತೆಗೆದುಕೊಳ್ಳಲಿಲ್ಲ. ಊರಿನ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಡಾಡ್ಜರ್ಸ್ ಆಟವೇ ಇಲ್ಲ. ನಮ್ಮ ಮನೆಯದೂ ಅದೇ ಗತಿ. ಆ ವರ್ಷ ಜೂನ್ 18ರ ರಾತ್ರಿ ಡಾಡ್ಜರ್ಸ್‌ನ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಕ್ಲೇಟನ್ ಕರ್ಶಾ ಕೊಲೊರಾಡೋ ರಾಕೀಸ್ ತಂಡಕ್ಕೆ ಒಂದೇ ಒಂದು ಹಿಟ್ ಕೊಡದೆ, 15 ಜನರನ್ನು ಸ್ಟ್ರೈಕ್ ಔಟ್ ಮಾಡಿದ. ನಾನು ಮೂರು ಇನ್ನಿಂಗ್ಸ್ ಕಾರಿನಲ್ಲಿ ಸ್ಕಲ್ಲಿ ದನಿಯಲ್ಲೇ ಕೇಳಿ ಮನೆಗೆ ಬಂದೆ. ಉಳಿದ ಆರು ಟಿವಿಯಲ್ಲಿ ಇಲ್ಲ. ಕೊನೆಯ ಔಟನ್ನು ಅವರು ಹೇಗೆ ಹೇಳಿದರು ಅಂತ ಕೇಳಿದ್ದು ಮರುದಿನ, ತುಣುಕಿನಲ್ಲಿ. ಅವರಿಗೆ ಆಗ 86 ವರ್ಷ. ಇನ್ನೆಷ್ಟು ದಿನ ಈ ದನಿ ಸಿಗುತ್ತದೋ ಅಂತ ಅನ್ನಿಸಿ, ಒಪ್ಪಂದ ಮುರಿದದ್ದಕ್ಕೆ ದಂಡ ಕಟ್ಟಿ ಕಂಪನಿ ಬದಲಿಸಿದೆ. ಆ ದಂಡದ ಬಗ್ಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ಹಾಗೆ ಬದಲಿಸಲು ಆಗದ ಎಷ್ಟೋ ಮನೆಗಳಲ್ಲಿ ದಶಕಗಳಿಂದ ಅವರನ್ನು ಕೇಳುತ್ತಿದ್ದ ಮುದುಕರು ಅವರ ಕೊನೆಯ ಮೂರು ವರ್ಷ ಕಳೆದುಕೊಂಡರು. ಇದು ಈಗಲೂ ನನ್ನನ್ನು ನೋಯಿಸುತ್ತದೆ. ಕೊನೆಯ ಆರು ಪಂದ್ಯಗಳನ್ನು ಕೆಟಿಎಲ್‌ಎ ಚಾನೆಲ್‌ನಲ್ಲಿ ಎಲ್ಲರಿಗೂ ತೋರಿಸಿದ್ದು ಅಷ್ಟರಮಟ್ಟಿಗೆ ಒಳ್ಳೆಯದಾಯಿತು.

ಆ ಕೊನೆಯ ವಾರ. ಡಾಡ್ಜರ್ ಸ್ಟೇಡಿಯಂನಲ್ಲಿ ಬ್ಯಾಟಿಂಗಿಗೆ ಬರುವ ಆಟಗಾರರು ಮೊದಲು ತಲೆಯೆತ್ತಿ ಅವರ ಬೂತಿನ ಕಡೆ ನೋಡಿ ಹೆಲ್ಮೆಟ್ ಮುಟ್ಟಿ ನಮಸ್ಕಾರ ಮಾಡುತ್ತಿದ್ದರು, ಎದುರಾಳಿಗಳೂ ಸಹ. ಸೆಪ್ಟೆಂಬರ್ 25ರಂದು ಮನೆಯಂಗಳದ ಕೊನೆಯ ಪಂದ್ಯ. ಹತ್ತನೇ ಇನ್ನಿಂಗ್ಸ್‌ನಲ್ಲಿ ಚಾರ್ಲಿ ಕಲ್ಬರ್ಸನ್ ಹೊಡೆದ ಹೋಮ್ ರನ್‌ನಿಂದ ಪಂದ್ಯವೂ ಗೆದ್ದಿತು, ವಿಭಾಗದ ಪ್ರಶಸ್ತಿಯೂ ಬಂತು. ಆ ಸೀಸನ್‌ನಲ್ಲಿ ಅವನು ಅಲ್ಲಿಯವರೆಗೆ ಒಂದೂ ಹೋಮ್ ರನ್ ಹೊಡೆದಿರಲಿಲ್ಲ. ಆಟವಾದ ಮೇಲೆ ಸ್ಕಲ್ಲಿ ತಾವೇ ಹಾಡಿ ಹೆಂಡತಿಗಾಗಿ ರೆಕಾರ್ಡ್ ಮಾಡಿಟ್ಟಿದ್ದ ಹಾಡೊಂದನ್ನು ಇಡೀ ಸ್ಟೇಡಿಯಂಗೆ ಕೇಳಿಸಿದರು. ನಾವು ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಮುಂದಿನ ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊನೆಯದು. 1936ರ ಅಕ್ಟೋಬರ್ 2ರಂದು ಶಾಲೆಯಿಂದ ಮನೆಗೆ ಹೋಗುವಾಗ ಲಾಂಡ್ರಿ ಅಂಗಡಿಯ ಕಿಟಕಿಯಲ್ಲಿ ವಿಶ್ವ ಸರಣಿಯ ಸ್ಕೋರ್ ಕಂಡು, 18-4ರಲ್ಲಿ ಸೋತ ಜೈಂಟ್ಸ್ ಬಗ್ಗೆ ಮರುಕಪಟ್ಟು ಹುಡುಗ ಸ್ಕಲ್ಲಿ ಬೇಸ್‌ಬಾಲಿಗೆ ಒಲಿದದ್ದು. ಸರಿಯಾಗಿ 80 ವರ್ಷದ ಮೇಲೆ ಅದೇ ತಾರೀಖು, ಅದೇ ಜೈಂಟ್ಸ್. ಡಾಡ್ಜರ್ಸ್ 7-1ರಲ್ಲಿ ಸೋತಿತು. ಒಂದು ಜನ್ಮಕ್ಕೆ ಸಾಕಾಗುವಷ್ಟು ಮಾತಾಡಿದ್ದೇನೆ ಅಂತ ಹೇಳಿ, ಶುಭ ಮಧ್ಯಾಹ್ನ ಕೋರಿ ಮುಗಿಸಿದರು. ನಂತರದ ಪ್ಲೇಆಫ್ ಪಂದ್ಯಗಳಿಗೂ ಕೂರಲಿಲ್ಲ.

2017ರಿಂದ ಆ ಕುರ್ಚಿಯಲ್ಲಿ ಜೋ ಡೇವಿಸ್, ಜೊತೆಗೆ ಹಳೆಯ ಪಿಚರ್ ಓರೆಲ್ ಹರ್ಶೈಸರ್. ಮೊದಲ ವರ್ಷ ನನಗೆ ಹಿಡಿಸಲಿಲ್ಲ. ಅವರ ತಪ್ಪು ಏನೂ ಇರಲಿಲ್ಲ. ಇಬ್ಬರು ಬಲ್ಲವರು ಪರಸ್ಪರ ಮಾತಾಡುತ್ತಿದ್ದರು, ನಾನು ಪಕ್ಕದ ಟೇಬಲ್ಲಿನಲ್ಲಿ ಕೂತು ಕೇಳುತ್ತಿದ್ದೇನೆ ಅನ್ನಿಸುತ್ತಿತ್ತು. ಬರಬರುತ್ತಾ ಅದರ ರುಚಿಯೂ ಹತ್ತಿತು. ಹರ್ಶೈಸರ್ ಚೆಂಡು ಹಿಡಿಯುವ ಬೆರಳನ್ನು ತೋರಿಸಿ ಯಾಕೆ ಆ ಎಸೆತ ಕೆಳಗೆ ಬಿತ್ತು ಅಂತ ವಿವರಿಸಿದರೆ ಕಣ್ಣಿಗೆ ಕಟ್ಟುತ್ತದೆ. ಸ್ಕಲ್ಲಿಯಿಂದ ನಾನು ಆ ತಾಂತ್ರಿಕ ಸೂಕ್ಷ್ಮ ಕಲಿತಿರಲಿಲ್ಲ. ಡೇವಿಸ್ ಒಂದು ದಿನವೂ ಸ್ಕಲ್ಲಿಯ ಹಾಗೆ ಮಾತಾಡಲು ಹೋಗಲಿಲ್ಲ, ಅದಕ್ಕೆ ಅವರ ಮೇಲೆ ಗೌರವ. 2024ರ ಅಕ್ಟೋಬರ್ 25ರಂದು ವಿಶ್ವ ಸರಣಿಯಲ್ಲಿ ಫ್ರೆಡ್ಡಿ ಫ್ರೀಮನ್, ಗಿಬ್ಸನ್ ಹೊಡೆದ ಅದೇ ಬಲಬದಿಗೆ ಪಂದ್ಯ ಮುಗಿಸುವ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿರುವಾಗಿನ ಹೋಮ್ ರನ್) ಹೊಡೆದಾಗ ಫಾಕ್ಸ್ ಚಾನೆಲ್‌ಗೆ ವಿವರಣೆ ಕೊಡುತ್ತಿದ್ದವರು ಇದೇ ಡೇವಿಸ್. ಗಿಬ್ಬಿಗೆ, ಅಂದರೆ ಗಿಬ್ಸನ್‌ಗೆ, ಫ್ರೆಡ್ಡಿಯನ್ನು ಪರಿಚಯಿಸುವ ಹಾಗೆ ಒಂದೇ ಸಾಲು ಹೇಳಿ, ಜನರ ಸದ್ದಿಗೆ ಜಾಗ ಬಿಟ್ಟರು. ಅವತ್ತು ನಾನು ಅವರನ್ನು ಪೂರ್ತಿ ಒಪ್ಪಿಕೊಂಡೆ.

ಒಂದು ಮಾತು ಮಾತ್ರ ಗಮನಿಸಿ. 2023ರಿಂದ ಬೇಸ್‌ಬಾಲಿಗೆ ಗಡಿಯಾರ ಬಂದಿದೆ. ಬೇಸ್ ಖಾಲಿ ಇದ್ದರೆ ಪಿಚರ್ 15 ಸೆಕೆಂಡಿನೊಳಗೆ ಎಸೆಯಬೇಕು. ಮೂರು ಗಂಟೆ ದಾಟುತ್ತಿದ್ದ ಪಂದ್ಯ ಈಗ ಎರಡು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಮಕ್ಕಳಿಗೆ ಶಾಲೆ ಇರುವ ಮನೆಗೆ ಇದು ಅನುಕೂಲವೇ. ಆದರೆ ಹಾವು, ಕೊಡಲಿ, ಮೊಲದ ಮರಿ ಹಿಡಿಸುವಷ್ಟು ಬಿಡುವು ಈಗ ಎರಡು ಎಸೆತಗಳ ನಡುವೆ ಇಲ್ಲ.

ಲೆಕ್ಕಾಚಾರ ಕೇಳುವವರಿಗೆ: 2020ರಿಂದ ಚಾನೆಲ್ ಹೆಚ್ಚಿನ ಕಡೆ ಸಿಗುತ್ತಿದೆ. 2025ರಲ್ಲಿ ಕೇಬಲ್ ಇಲ್ಲದೆಯೂ ನೋಡಲು ಎಸ್‌ಎನ್‌ಎಲ್‌ಎ ಪ್ಲಸ್ ಅಂತ ಬಂತು, ಆಗ ತಿಂಗಳಿಗೆ 29.99 ಡಾಲರ್ ಇತ್ತು. ಸೀಸನ್‌ನ 162 ಪಂದ್ಯಗಳಲ್ಲಿ ಹೆಚ್ಚಿನವು ಸಿಗುತ್ತವೆ. ಪ್ಲೇಆಫ್, ವಿಶ್ವ ಸರಣಿ ಇದರಲ್ಲಿ ಬರುವುದಿಲ್ಲ, ಅವು ರಾಷ್ಟ್ರೀಯ ಚಾನೆಲ್‌ಗಳ ಪಾಲು. ವಾರಕ್ಕೆ ಮೂರು ಸಂಜೆ ನೋಡುವವರಾದರೆ ತಗೊಳ್ಳಿ, ಅಕ್ಟೋಬರ್ ಆಟಕ್ಕಾಗಿ ಮಾತ್ರ ಬೇಡ. ಸ್ಕಲ್ಲಿ ಇದ್ದಾಗ ಐದಕ್ಕೆ ಐದು ಕೊಡುತ್ತಿದ್ದೆ. ಈಗ ನಾಲ್ಕು.

2022ರ ಆಗಸ್ಟ್ 2ರ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ ಪಂದ್ಯ ನೋಡುತ್ತಿದ್ದೆ. ಆಟ ನಡೆಯುತ್ತಿರುವಾಗಲೇ ಸ್ಕಲ್ಲಿ ತೀರಿಕೊಂಡ ಸುದ್ದಿ ಬಂತು. 94 ವರ್ಷ. ಟಿವಿಯ ಸದ್ದು ತಗ್ಗಿಸಿ ಅಮ್ಮನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಬೆಳಗ್ಗೆ, ಅಮ್ಮ ಹೂವು ಕೊಯ್ಯುತ್ತಿದ್ದರು. ಹೆಸರು ಹೇಳಿದರೆ ಗುರುತು ಸಿಗಲಿಲ್ಲ. ಬೇಸ್‌ಬಾಲ್ ಹೇಳುತ್ತಿದ್ದ ಆ ಅಜ್ಜ ಅಂದೆ.

"ಮೊಲದ ಮರಿ ಕಥೆ ಹೇಳಿದವರಾ?" ಅಂದರು ಅಮ್ಮ.