ಗೇಮ್ ಬಾಯ್ ಲಿಂಕರ್‌ಗೆ ಯಾವ ಡೇಟಾ ಸ್ಟ್ರಕ್ಚರ್? ಪ್ರಯೋಗದಿಂದ ಒಂದು ಹೋಲಿಕೆ

1989ರಲ್ಲಿ ಬಂದ ನಿಂಟೆಂಡೊ ಗೇಮ್ ಬಾಯ್‌ನ ಪ್ರೊಸೆಸರ್‌ಗೆ ಕಾಣುವ ವಿಳಾಸಗಳು ಒಟ್ಟು 65,536. ಅವುಗಳಲ್ಲಿ ಮೊದಲ 32 ಕಿಲೋಬೈಟ್ ಮಾತ್ರ ಕಾರ್ಟ್ರಿಜ್‌ನ ರೋಮ್‌ಗೆ ಮೀಸಲು. ಆ 32ರಲ್ಲೂ ಮೊದಲ ಅರ್ಧ ಸಾಮಾನ್ಯವಾಗಿ ಬ್ಯಾಂಕ್ ಸೊನ್ನೆಯನ್ನೇ, ಅಂದರೆ ರೋಮ್‌ನ ಮೊದಲ 16 ಕಿಲೋಬೈಟ್ ತುಂಡನ್ನೇ, ತೋರಿಸುತ್ತದೆ. $4000ದಿಂದ ($ ಎಂದರೆ ಹದಿನಾರರ ಆಧಾರದ ಸಂಖ್ಯೆ) ಶುರುವಾಗುವ ಎರಡನೆಯ ಅರ್ಧದಲ್ಲಿ ಯಾವ ಬ್ಯಾಂಕ್ ಕಾಣಬೇಕೆಂಬುದನ್ನು ಕಾರ್ಟ್ರಿಜ್‌ನೊಳಗಿನ ಬ್ಯಾಂಕ್ ಕಂಟ್ರೋಲರ್ ಚಿಪ್ ನಿರ್ಧರಿಸುತ್ತದೆ. ಹೀಗಾಗಿ 2 ಮೆಗಾಬೈಟ್‌ನ ಆಟವೊಂದು ಲಿಂಕರ್‌ನ (ಬೇರೆ ಬೇರೆ ಫೈಲ್‌ಗಳ ತುಂಡುಗಳಿಗೆ ವಿಳಾಸ ಕೊಟ್ಟು ಒಂದೇ ರೋಮ್ ಆಗಿ ಜೋಡಿಸುವ ಪ್ರೋಗ್ರಾಂನ) ಪಾಲಿಗೆ ಒಂದೇ ಉದ್ದನೆಯ ಜಾಗವಲ್ಲ, ತಲಾ 16 ಕಿಲೋಬೈಟ್‌ನ 128 ಪೆಟ್ಟಿಗೆಗಳು. ಈ ಯಂತ್ರಕ್ಕಾಗಿ ಸಿ ಭಾಷೆಯಲ್ಲಿ ಲಿಂಕರ್ ಬರೆಯುತ್ತ, ಅದರ ಮುಖ್ಯ ಭಾಗಗಳಿಗೆಲ್ಲ ಒಂದಕ್ಕಿಂತ ಹೆಚ್ಚು ಬಗೆಯ ಡೇಟಾ ಸ್ಟ್ರಕ್ಚರ್‌ಗಳನ್ನು ಅಳವಡಿಸಿ ನೋಡಿದ್ದೇನೆ. ಇಲ್ಲಿ ನಿಜವಾದ ಶ್ರಮ ಬೇಡುವುದು ಹೆಸರು ಹುಡುಕುವ ಕೆಲಸವಲ್ಲ, ಜಾಗ ಹುಡುಕುವ ಕೆಲಸ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಹೋಲಿಕೆಯೂ ಅದೇ ಪ್ರಮಾಣದಲ್ಲಿ ಹಂಚಿಕೆಯಾಗಿದೆ.

ಆದರೂ ಲೇಬಲ್‌ಗಳ ಹೆಸರುಗಳನ್ನು ಇಡುವ ಸಿಂಬಲ್ ಟೇಬಲ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಲಿಂಕರ್ ಬರೆಯಲು ಕುಳಿತ ಎಲ್ಲರೂ ಮೊದಲು ಯೋಚಿಸುವುದು ಅದನ್ನೇ. ನಾನು ಹೋಲಿಸಿದ್ದು ಮೂರನ್ನು: ಪ್ರತಿ ನಮೂದಿಗೂ ಬೇರೆಯಾಗಿ ಮೆಮೊರಿ ಪಡೆದು ಸರಪಳಿ ಕಟ್ಟುವ ಹ್ಯಾಶ್ ಟೇಬಲ್ (ಹೆಸರಿನಿಂದ ಲೆಕ್ಕ ಹಾಕಿದ ಹ್ಯಾಶ್ ಎಂಬ ಸಂಖ್ಯೆಯಿಂದ ಖಾನೆ ಆರಿಸುವ ಕೋಷ್ಟಕ), ಒಂದೇ ಅರೇಯಲ್ಲಿ ಪಕ್ಕದ ಖಾನೆಗೆ ಸರಿಯುತ್ತ ಹೋಗುವ ಓಪನ್ ಅಡ್ರೆಸಿಂಗ್ ಹ್ಯಾಶ್ ಟೇಬಲ್, ಮತ್ತು ಎಲ್ಲ ಫೈಲ್‌ಗಳನ್ನೂ ಓದಿದ ಮೇಲೆ ಒಮ್ಮೆ ವಿಂಗಡಿಸಿ ಬೈನರಿ ಸರ್ಚ್ ನಡೆಸುವ ಅರೇ. ವಿಂಗಡಿಸಿದ ಅರೇ ಓದಲು ಸರಳವಾಗಿದೆ, 30,000 ಹೆಸರುಗಳಿದ್ದರೂ ಹೆಚ್ಚೆಂದರೆ 15 ಹೋಲಿಕೆಗಳಲ್ಲಿ ಉತ್ತರ ಕೊಡುತ್ತದೆ. ಆದರೆ ಅಸೆಂಬ್ಲಿ ಪ್ರೋಗ್ರಾಂಗಳಲ್ಲಿ ಲೋಕಲ್ ಲೇಬಲ್‌ಗಳೆಲ್ಲ ತಾಯಿ ಲೇಬಲ್‌ನ ಹೆಸರನ್ನು ಮುಂದಿಟ್ಟುಕೊಂಡೇ ಸಂಗ್ರಹವಾಗುವುದರಿಂದ, ಹುಡುಕಾಟದ ಕೊನೆಯ ಹಂತಗಳಲ್ಲಿ ಎದುರಾಗುವ ಹೆಸರುಗಳ ಮೊದಲ ಇಪ್ಪತ್ತು ಅಕ್ಷರಗಳು ಒಂದೇ ಆಗಿರುತ್ತವೆ, ಪ್ರತಿ ಹೋಲಿಕೆಯೂ ಹೆಸರಿನ ಬಾಲದವರೆಗೆ ಸಾಗಬೇಕಾಗುತ್ತದೆ. ಸರಪಳಿ ಹ್ಯಾಶ್‌ನಲ್ಲಿ ಈ ತೊಂದರೆಯಿಲ್ಲ. ಅಲ್ಲಿನ ತೊಂದರೆ ಚೂರುಚೂರಾಗಿ ಹರಡಿಕೊಳ್ಳುವ ಮೆಮೊರಿ.

ಓಪನ್ ಅಡ್ರೆಸಿಂಗ್‌ಗೆ ಸಾಮಾನ್ಯವಾಗಿ ಹೇಳುವ ದೊಡ್ಡ ದೋಷವೆಂದರೆ ಅಳಿಸುವಿಕೆ: ಖಾನೆಯೊಂದನ್ನು ಬರಿದಾಗಿಸಿದರೆ ಅದರ ಮುಂದಿನ ನಮೂದುಗಳು ಸಿಗದಂತಾಗುತ್ತವೆ, ಹಾಗಾಗಿ ಅಳಿದ ಖಾನೆಗೆ ಗುರುತು ಇಡುತ್ತ ಹೋಗಬೇಕು. ಲಿಂಕರ್ ಎಂದೂ ಸಿಂಬಲ್ ಅಳಿಸುವುದಿಲ್ಲ. ಸೇರಿಸುತ್ತದೆ, ಹುಡುಕುತ್ತದೆ, ಮುಗಿದ ಮೇಲೆ ಪ್ರೋಗ್ರಾಂ ನಿಂತೇ ಹೋಗುತ್ತದೆ. ಆದ್ದರಿಂದ ನಾನು ಉಳಿಸಿಕೊಂಡದ್ದು ಇದನ್ನೇ. ಪ್ರತಿ ಖಾನೆಯಲ್ಲಿ 32 ಬಿಟ್‌ನ ಹ್ಯಾಶ್ ಮತ್ತು 32 ಬಿಟ್‌ನ ಇಂಡೆಕ್ಸ್ ಇರುತ್ತದೆ, ಒಟ್ಟು 8 ಬೈಟ್. 64 ಬೈಟ್‌ನ ಒಂದು ಕ್ಯಾಶ್ ಸಾಲಿನಲ್ಲಿ ಎಂಟು ಖಾನೆಗಳು ಹಿಡಿಯುತ್ತವೆ. ಹ್ಯಾಶ್ ಲೆಕ್ಕಕ್ಕೆ ಎಫ್‌ಎನ್‌ವಿ-1ಎ ಎಂಬ ಸರಳ ವಿಧಾನ ಸಾಕಾಗಿದೆ. ವೇಗದಲ್ಲಿ ಮೂರಕ್ಕೂ ಇರುವ ವ್ಯತ್ಯಾಸ ಬಳಸುವವರ ಅನುಭವಕ್ಕೆ ಬರುವಷ್ಟಿಲ್ಲ ಎಂಬುದನ್ನೂ ಹೇಳಲೇಬೇಕು.

ಅನುಭವಕ್ಕೆ ಬರುವ ವ್ಯತ್ಯಾಸ ಬೇರೆಡೆ ಇದೆ. ಹಳೆಯ ಆಟಗಳ ಯಂತ್ರಭಾಷೆಯನ್ನು ಬಿಡಿಸಿ ಮತ್ತೆ ಅಸೆಂಬ್ಲಿಯಾಗಿ ಬರೆಯುವವರು, ತಮ್ಮ ಮೂಲದಿಂದ ಹೊರಬರುವ ರೋಮ್ ಹಳೆಯ ಕಾರ್ಟ್ರಿಜ್‌ಗೆ ಬೈಟ್ ಬೈಟ್‌ಗೂ ಹೊಂದುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಒಂದೇ ಮೂಲದಿಂದ ಇಂದು ಒಂದು ರೋಮ್, ನಾಳೆ ಇನ್ನೊಂದು ರೋಮ್ ಕೊಡುವ ಲಿಂಕರ್ ಅವರಿಗೆ ನಿರುಪಯೋಗಿ. ಹ್ಯಾಶ್ ಟೇಬಲ್‌ನ ಖಾನೆಗಳನ್ನು ಸಾಲಾಗಿ ಓದಿ ಸೆಕ್ಷನ್‌ಗಳನ್ನು (ಒಟ್ಟಿಗೇ ಇಡಬೇಕಾದ ಕೋಡ್ ಅಥವಾ ಡೇಟಾ ತುಂಡುಗಳನ್ನು) ಹಂಚಲು ಹೋದರೆ ಫಲಿತಾಂಶ ಟೇಬಲ್‌ನ ಗಾತ್ರಕ್ಕೆ ಕಟ್ಟುಬೀಳುತ್ತದೆ; ರಸ್ಟ್ ಭಾಷೆಯ ಹ್ಯಾಶ್‌ಮ್ಯಾಪ್‌ನಂತೆ ಹ್ಯಾಶ್ ಬೀಜವನ್ನು ಯಾದೃಚ್ಛಿಕವಾಗಿ ಆರಿಸುವ ಕಡೆ ಪ್ರತಿ ಸಲವೂ ಕ್ರಮ ಬದಲಾಗುತ್ತದೆ. ಸಿಯ ವಿಂಗಡಣೆ ಫಂಕ್ಷನ್ ಕ್ಯೂಸಾರ್ಟ್ ಕೂಡ ಸಮಾನ ನಮೂದುಗಳ ಮೂಲ ಕ್ರಮವನ್ನು ಉಳಿಸುವ ಭರವಸೆ ಕೊಡುವುದಿಲ್ಲ, ಆದ್ದರಿಂದ ಒಂದೇ ಗಾತ್ರದ ಎರಡು ಸೆಕ್ಷನ್‌ಗಳು ಲೈಬ್ರರಿಯಿಂದ ಲೈಬ್ರರಿಗೆ ಅದಲುಬದಲಾಗಬಹುದು. ನನ್ನ ಲಿಂಕರ್‌ನಲ್ಲಿ ಸಿಂಬಲ್‌ಗಳೂ ಸೆಕ್ಷನ್‌ಗಳೂ ಓದಿದ ಕ್ರಮದಲ್ಲೇ ಅರೇಯಲ್ಲಿ ಕುಳಿತಿರುತ್ತವೆ, ಹ್ಯಾಶ್ ಟೇಬಲ್ ಅವುಗಳತ್ತ ಬೆರಳು ತೋರಿಸುತ್ತದೆ ಅಷ್ಟೇ, ಮತ್ತು ವಿಂಗಡಣೆಯಲ್ಲಿ ಸಮ ಬಂದಲ್ಲೆಲ್ಲ ಓದಿದ ಕ್ರಮಸಂಖ್ಯೆಯೇ ತೀರ್ಪು.

ಇನ್ನು ಜಾಗದ ವಿಷಯ. ಸೆಕ್ಷನ್‌ಗಳು ಹಲವು ಬಗೆಯ ಷರತ್ತುಗಳೊಡನೆ ಬರುತ್ತವೆ. ಕೆಲವಕ್ಕೆ ವಿಳಾಸವೇ ನಿಗದಿ: ಆರ್‌ಎಸ್‌ಟಿ ಎಂಬ ಕಿರು ಕರೆ ಸೂಚನೆಗಳು ಹಾರುವ ಜಾಗಗಳು $00ಯಿಂದ $38ರವರೆಗೆ ಎಂಟೆಂಟು ಬೈಟ್‌ಗಳ ಅಂತರದಲ್ಲಿವೆ, ಐದು ಇಂಟರಪ್ಟ್ ವೆಕ್ಟರ್‌ಗಳು (ಹಾರ್ಡ್‌ವೇರ್ ನಡುವೆ ಕರೆದಾಗ ಪ್ರೊಸೆಸರ್ ಹಾರುವ ಜಾಗಗಳು) $40ರಿಂದ $60ರವರೆಗೆ ಇವೆ, ಪ್ರೋಗ್ರಾಂನ ಪ್ರವೇಶ $0100ರಲ್ಲಿ, ಅಲ್ಲಿಂದ $0150ಯ ತನಕ ಕಾರ್ಟ್ರಿಜ್ ಹೆಡರ್. ಕೆಲವಕ್ಕೆ ಬ್ಯಾಂಕ್ ಮಾತ್ರ ನಿಗದಿ. ಕೆಲವು 256ರ ಗುಣಕದ ವಿಳಾಸದಲ್ಲೇ ಆರಂಭವಾಗಬೇಕು: ಸ್ಪ್ರೈಟ್‌ಗಳ (ತೆರೆಯ ಮೇಲೆ ಚಲಿಸುವ ಚಿತ್ರಗಳ) ಮಾಹಿತಿಯನ್ನು ಒಂದೇ ಏಟಿಗೆ ನಕಲಿಸುವ ಡಿಎಂಎಗೆ ಮೂಲ ವಿಳಾಸದ ಮೇಲಿನ ಬೈಟ್ ಮಾತ್ರ ಕೊಡಲು ಸಾಧ್ಯ, ಹಾಗಾಗಿ ಆ 160 ಬೈಟ್‌ನ ಬಫರ್‌ನ ಕೆಳ ಬೈಟ್ ಸೊನ್ನೆಯೇ ಆಗಿರಬೇಕು. ಉಳಿದವು ಎಲ್ಲಿಟ್ಟರೂ ಸರಿ.

ಮೊದಲು ಅಳವಡಿಸಿದ್ದು ಬಿಟ್‌ಮ್ಯಾಪ್. ಬೈಟ್‌ಗೊಂದು ಬಿಟ್‌ನಂತೆ 16 ಕಿಲೋಬೈಟ್‌ನ ಬ್ಯಾಂಕಿಗೆ 2,048 ಬೈಟ್, 128 ಬ್ಯಾಂಕುಗಳಿಗೆ 256 ಕಿಲೋಬೈಟ್. ಇಂದಿನ ಕಂಪ್ಯೂಟರ್‌ಗೆ ಇದು ಲೆಕ್ಕಕ್ಕೇ ಇಲ್ಲ. ನಿಗದಿತ ವಿಳಾಸದ ಎರಡು ಸೆಕ್ಷನ್‌ಗಳು ಒಂದರ ಮೇಲೊಂದು ಬೀಳುತ್ತವೆಯೇ ಎಂದು ನೋಡುವುದು ಇದರಲ್ಲಿ ಅತ್ಯಂತ ಸುಲಭ, 256ರ ಗುಣಕಗಳನ್ನು ಮಾತ್ರ ಪರೀಕ್ಷಿಸುತ್ತ ಹೋಗುವುದೂ ಸುಲಭ. ಬಿಟ್‌ಮ್ಯಾಪ್ ಸೋತದ್ದು ದೋಷ ಸಂದೇಶದಲ್ಲಿ. ಬಿಟ್ ಒಂದಾಗಿದೆ ಎಂದರೆ ಜಾಗ ತುಂಬಿದೆ ಎಂದಷ್ಟೇ ಗೊತ್ತಾಗುತ್ತದೆ, ಅಲ್ಲಿ ಕುಳಿತವರು ಯಾರು ಎಂಬುದು ಗೊತ್ತಾಗುವುದಿಲ್ಲ. ಯಾವ ಸೆಕ್ಷನ್ ಯಾವುದರ ಮೇಲೆ, ಯಾವ ಬ್ಯಾಂಕಿನ ಯಾವ ವಿಳಾಸದಲ್ಲಿ ಬಿದ್ದಿದೆ ಎಂದು ಲಿಂಕರ್ ಹೇಳದಿದ್ದರೆ, ರಾತ್ರಿ ಕುಳಿತು ಆಟ ಬರೆಯುವ ಒಬ್ಬಂಟಿ ಪ್ರೋಗ್ರಾಮರ್ ಅದನ್ನು ಕೈಯಿಂದ ಹುಡುಕಬೇಕಾಗುತ್ತದೆ. ಅಂಥ ಲಿಂಕರ್ ಅರ್ಧ ಕೆಲಸ ಮಾಡಿದಂತೆ ಎಂದೇ ನಾನು ಭಾವಿಸುತ್ತೇನೆ.

ಎರಡನೆಯದು, ಖಾಲಿ ಜಾಗಗಳನ್ನು ಗಾತ್ರದ ಕ್ರಮದಲ್ಲಿ ಇಡುವ ಸಮತೋಲಿತ ಟ್ರೀ. ಬೇಕಾದ ಗಾತ್ರಕ್ಕೆ ಅತಿ ಸಮೀಪದ ಖಾಲಿ ಜಾಗವನ್ನು ಇದು ಥಟ್ಟನೆ ಕೊಡಬೇಕು ಎಂಬುದು ನಿರೀಕ್ಷೆ. ಆ ನಿರೀಕ್ಷೆಯನ್ನು ಕೆಡಿಸುವುದು ಅಲೈನ್‌ಮೆಂಟ್, ಅಂದರೆ ನಿಶ್ಚಿತ ಗುಣಕದ ವಿಳಾಸದಲ್ಲೇ ಆರಂಭವಾಗಬೇಕೆಂಬ ಷರತ್ತು. ಒಂದು ಖಾಲಿ ಜಾಗ $4010ರಲ್ಲಿ ಆರಂಭವಾಗಿ 300 ಬೈಟ್ ಉದ್ದವಿದೆ ಎಂದುಕೊಳ್ಳಿ. 256 ಬೈಟ್‌ನ, 256ಕ್ಕೆ ಅಲೈನ್ ಆಗಬೇಕಾದ ಕೋಷ್ಟಕವೊಂದಕ್ಕೆ ಜಾಗ ಕೇಳಿದರೆ ಟ್ರೀ ಇದನ್ನೇ ಎತ್ತಿ ಕೊಡುತ್ತದೆ. ಆದರೆ ಅಲ್ಲಿಂದ ಮುಂದಿನ ಸರಿಯಾದ ವಿಳಾಸ $4100; ನಡುವಿನ 240 ಬೈಟ್ ದಾಟಿದ ಮೇಲೆ ಉಳಿಯುವುದು 60 ಬೈಟ್ ಮಾತ್ರ. ಟ್ರೀಯಲ್ಲಿ ಮುಂದಿನದನ್ನು, ಅದರ ಮುಂದಿನದನ್ನು ನೋಡುತ್ತ ಹೋಗಬೇಕು, ಕಡೆಗೆ ಅದು ಸಾಲಾಗಿ ಹುಡುಕಿದ ಹಾಗೆಯೇ ಆಗುತ್ತದೆ. ಅಲೈನ್‌ಮೆಂಟ್ ಇಲ್ಲದ ಸೆಕ್ಷನ್‌ಗಳಲ್ಲೂ ಅತಿ ಸಮೀಪದ ಗಾತ್ರವನ್ನು ಆರಿಸುವ ಕ್ರಮ ಎರಡು ಮೂರು ಬೈಟ್‌ನ, ಯಾವುದಕ್ಕೂ ಬಾರದ ಚೂರುಗಳನ್ನು ಬ್ಯಾಂಕಿನ ತುಂಬ ಬಿಟ್ಟುಹೋಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಸಾದಾ: ಬ್ಯಾಂಕಿಗೊಂದು ಚಿಕ್ಕ ಅರೇ, ಅದರಲ್ಲಿ ಖಾಲಿ ಜಾಗಗಳ ಆರಂಭ ಮತ್ತು ಉದ್ದ, ವಿಳಾಸದ ಕ್ರಮದಲ್ಲಿ. ಸೆಕ್ಷನ್ ಒಂದನ್ನು ಇಟ್ಟಾಗ ಆ ಖಾಲಿ ಜಾಗ ಪೂರ್ತಿ ಮಾಯವಾಗುತ್ತದೆ, ಇಲ್ಲವೇ ಒಂದು ತುದಿಯಲ್ಲಿ ಕುಗ್ಗುತ್ತದೆ, ಇಲ್ಲವೇ ಎರಡಾಗಿ ಒಡೆಯುತ್ತದೆ. ಇದರ ಪಕ್ಕದಲ್ಲೇ ಇಟ್ಟ ಸೆಕ್ಷನ್‌ಗಳ ಪಟ್ಟಿಯೂ ವಿಳಾಸ ಕ್ರಮದಲ್ಲಿ ಇರುವುದರಿಂದ ಯಾರು ಯಾರ ಮೇಲೆ ಬಿದ್ದರು ಎಂಬ ಪ್ರಶ್ನೆಗೆ ಕೂಡಲೇ ಉತ್ತರ ಸಿಗುತ್ತದೆ. ಷರತ್ತು ಹೆಚ್ಚಿರುವವನ್ನು ಮೊದಲು, ಸಮಾನ ಷರತ್ತಿನವುಗಳಲ್ಲಿ ದೊಡ್ಡದನ್ನು ಮೊದಲು ಎತ್ತಿಕೊಂಡು, ಹಿಡಿಯುವ ಮೊದಲ ಜಾಗದಲ್ಲಿ ಇಡುತ್ತ ಹೋದರೆ ಬ್ಯಾಂಕಿನಲ್ಲಿ ಖಾಲಿ ಜಾಗಗಳ ಸಂಖ್ಯೆ ಬೆರಳೆಣಿಕೆಯನ್ನು ಮೀರುವುದು ಅಪರೂಪ. ಇಷ್ಟು ಚಿಕ್ಕ ಅರೇಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದಕ್ಕಿಂತ ಟ್ರೀ ವೇಗವಾಗಿರಲು ಕಾರಣವೇ ಇಲ್ಲ. ಬ್ಯಾಂಕ್ ಸೊನ್ನೆಯಲ್ಲಿ ಈ ಕ್ರಮದ ಗುಣ ಕಣ್ಣಿಗೆ ಕಾಣುತ್ತದೆ: ಕೊನೆಯ ಇಂಟರಪ್ಟ್ ವೆಕ್ಟರ್‌ನ ಎಂಟು ಬೈಟ್ ಮುಗಿಯುವ $68ರಿಂದ $0100ರವರೆಗೆ 152 ಬೈಟ್‌ಗಳ ಕಿರಿದಾದ ಜಾಗವೊಂದು ಉಳಿದಿರುತ್ತದೆ, ದೊಡ್ಡ ಸೆಕ್ಷನ್‌ಗಳೆಲ್ಲ ಬೇರೆಡೆ ಕುಳಿತ ಮೇಲೆ ಸಣ್ಣ ನಕಲು ರೂಟೀನ್‌ಗಳು ತಾವಾಗಿಯೇ ಅಲ್ಲಿ ಬಂದು ಸೇರುತ್ತವೆ.

ದೊಡ್ಡದು ಮೊದಲು ಎಂಬ ಈ ವಿಧಾನಕ್ಕೆ ಬಿನ್ ಪ್ಯಾಕಿಂಗ್ (ಆದಷ್ಟು ಕಡಿಮೆ ಪೆಟ್ಟಿಗೆಗಳಲ್ಲಿ ವಸ್ತುಗಳನ್ನು ತುಂಬುವ) ಸಿದ್ಧಾಂತದ ಬೆಂಬಲವಿದೆ. ದೊಡ್ಡ ಸಮಸ್ಯೆಗಳಲ್ಲಿ ಅದು ಬಳಸುವ ಪೆಟ್ಟಿಗೆಗಳು ಅತ್ಯುತ್ತಮ ಪರಿಹಾರದ ಸುಮಾರು 11/9 ಪಟ್ಟನ್ನು ಮೀರುವುದಿಲ್ಲ. ಆದರೆ ನಿಗದಿತ ವಿಳಾಸ ಮತ್ತು ಅಲೈನ್‌ಮೆಂಟ್ ಬಂದ ಕೂಡಲೇ ಆ ಭರವಸೆ ಅನ್ವಯಿಸುವುದಿಲ್ಲ. ಹಾಗಾಗಿ ಜಾಗ ಸಾಲದಾದಾಗ ಪ್ರತಿ ಬ್ಯಾಂಕಿನಲ್ಲಿ ಉಳಿದ ಅತಿ ದೊಡ್ಡ ಖಾಲಿ ಜಾಗ ಎಷ್ಟೆಂದು ಮುದ್ರಿಸುವುದು ಅಗತ್ಯ, ಮತ್ತು ಅರೇಯಿಂದ ಅದನ್ನು ತೆಗೆಯುವುದು ಒಂದು ಸುತ್ತಿನ ಕೆಲಸ.

ಬ್ಯಾಂಕುಗಳ ಪಟ್ಟಿಯೇ ಅಖಂಡವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎಂಬಿಸಿ1 ಎಂಬ ಬ್ಯಾಂಕ್ ಕಂಟ್ರೋಲರ್ ಚಿಪ್‌ನಲ್ಲಿ $4000ರ ಕಿಂಡಿಗೆ 32, 64, 96ನೆಯ ಬ್ಯಾಂಕ್ ಕೇಳಿದರೆ ಅದು 33, 65, 97ನ್ನು ತೋರಿಸುತ್ತದೆ. ಬ್ಯಾಂಕ್ ಸೊನ್ನೆಯನ್ನೂ ಸೇರಿಸಿ 128ರಲ್ಲಿ ಮಾಮೂಲು ಬಳಕೆಗೆ ಸಿಗುವುದು 125. ಬ್ಯಾಂಕಿನ ಸಂಖ್ಯೆಯನ್ನೇ ಇಂಡೆಕ್ಸ್ ಮಾಡಿಕೊಂಡ ಅರೇಯಲ್ಲಿ ಈ ಮೂರನ್ನು ಉದ್ದ ಸೊನ್ನೆಯ ಖಾಲಿ ಪಟ್ಟಿಗಳಾಗಿ ಬಿಟ್ಟರೆ ಬೇರಾವ ವಿಶೇಷ ಪರೀಕ್ಷೆಯೂ ಬೇಕಾಗುವುದಿಲ್ಲ.

ವಿಳಾಸಗಳು ನಿರ್ಧಾರವಾದ ಮೇಲೆ ಬರುವುದು ಪ್ಯಾಚ್‌ಗಳು, ಅಂದರೆ ವಿಳಾಸ ಗೊತ್ತಿಲ್ಲದೆ ಅಸೆಂಬ್ಲರ್ ಖಾಲಿ ಬಿಟ್ಟುಹೋದ ಸ್ಥಳಗಳನ್ನು ತುಂಬುವ ಕೆಲಸ. ಇಎಲ್‌ಎಫ್ ಎಂಬ ಆಬ್ಜೆಕ್ಟ್ ಫೈಲ್ ಮಾದರಿಯಲ್ಲಿ ಪ್ರತಿ ಪ್ಯಾಚ್ ಒಂದು ನಿಶ್ಚಿತ ಗಾತ್ರದ ದಾಖಲೆ: ಎಲ್ಲಿ, ಯಾವ ಬಗೆ, ಯಾವ ಸಿಂಬಲ್, ಎಷ್ಟು ಕೂಡಿಸಬೇಕು. ಕೆಳ ಬೈಟ್, ಮೇಲಿನ ಬೈಟ್, ಎರಡೂ ಬೈಟ್, ಬ್ಯಾಂಕ್ ಸಂಖ್ಯೆ, ಮತ್ತು ಹತ್ತಿರಕ್ಕೆ ಹಾರುವ ಜೆಆರ್ ಸೂಚನೆಯ −128ರಿಂದ 127ರವರೆಗಿನ ಅಂತರ ಎಂಬ ಐದು ಬಗೆಗಳು ಬಹುಪಾಲು ಪ್ಯಾಚ್‌ಗಳಿಗೆ ಸಾಕು, ಮತ್ತು ಇದರ ಕೋಡ್ ನಿಜಕ್ಕೂ ಅಚ್ಚುಕಟ್ಟು. ಆದರೆ ಆಟ ಬರೆಯುವವರು ಬೇರೊಂದು ಫೈಲಿನಲ್ಲಿರುವ ಚಿತ್ರದ ಕೊನೆಯ ಲೇಬಲ್‌ನಿಂದ ಮೊದಲ ಲೇಬಲ್ ಕಳೆದು, ಒಂದು ಟೈಲ್‌ಗೆ (ಚಿತ್ರದ ಚಿಕ್ಕ ಚೌಕಕ್ಕೆ) 16 ಬೈಟ್ ಆದ್ದರಿಂದ 16ರಿಂದ ಭಾಗಿಸಿ, ಟೈಲ್‌ಗಳ ಸಂಖ್ಯೆಯನ್ನು ನೇರವಾಗಿ ಬರೆಯಲು ಬಯಸುತ್ತಾರೆ. ಇಂಥದ್ದಕ್ಕೆಲ್ಲ ಒಂದೊಂದು ಹೊಸ ಬಗೆ ಸೇರಿಸುತ್ತ ಹೋಗುವುದಕ್ಕೆ ಕೊನೆಯಿಲ್ಲ. ಗೇಮ್ ಬಾಯ್‌ಗಾಗಿ ಇರುವ ಆರ್‌ಜಿಬಿಡಿಎಸ್ ಅಸೆಂಬ್ಲರ್ ಮತ್ತು ಲಿಂಕರ್ ಪರಿಕರಗಳ ಹಾಗೆ ಪ್ರತಿ ಪ್ಯಾಚ್‌ನೊಳಗೆ ಪೋಸ್ಟ್‌ಫಿಕ್ಸ್ ಕ್ರಮದ (ಸಂಖ್ಯೆಗಳು ಮೊದಲು, ಕ್ರಿಯೆ ನಂತರ) ಬೈಟ್‌ಗಳ ಸಾಲನ್ನೇ ಇಡುವುದು ಉತ್ತಮ: ಕೊನೆಯನ್ನು ಸ್ಟ್ಯಾಕ್‌ಗೆ ಹಾಕು, ಮೊದಲನ್ನು ಹಾಕು, ಕಳೆ, 16 ಹಾಕು, ಭಾಗಿಸು. ಇದನ್ನು ಟ್ರೀಯಾಗಿ ಬಿಡಿಸಿ ಇಟ್ಟೂ ನೋಡಿದೆ. ಯಾವ ಉಪಪದದಲ್ಲಿ ತಪ್ಪಾಗಿದೆ ಎಂದು ಹೇಳಲು ಟ್ರೀ ಅನುಕೂಲಕರ, ಆದರೆ ಸಾವಿರಾರು ಪ್ಯಾಚ್‌ಗಳನ್ನು ಒಮ್ಮೆ ಮಾತ್ರ ಲೆಕ್ಕ ಹಾಕಿ ಬಿಟ್ಟುಬಿಡುವ ಲಿಂಕರ್‌ಗೆ ಅಷ್ಟು ನೋಡ್‌ಗಳನ್ನು ಕಟ್ಟುವುದು ವ್ಯರ್ಥ. ಬೈಟ್‌ಗಳ ಸಾಲನ್ನು ಫೈಲಿನಿಂದ ಓದಿದ ಜಾಗದಲ್ಲೇ ಬಿಟ್ಟು, ಒಂದು ಚಿಕ್ಕ ಸ್ಥಿರ ಸ್ಟ್ಯಾಕ್‌ನಿಂದ ಲೆಕ್ಕ ಮುಗಿಸಬಹುದು.

ಪ್ಯಾಚ್, ಸಿಂಬಲ್, ಸೆಕ್ಷನ್ ಇವು ಒಂದನ್ನೊಂದು ಸೂಚಿಸಲು ಪಾಯಿಂಟರ್ ಇರಬೇಕೋ ಇಂಡೆಕ್ಸ್ ಇರಬೇಕೋ ಎಂಬುದರಲ್ಲಿ ನನಗೆ ಹೆಚ್ಚು ಸಂದೇಹವಿಲ್ಲ. ಅರೇ ಬೆಳೆದಾಗ ಅದರ ಜಾಗ ಬದಲಾಗಿ ಪಾಯಿಂಟರ್‌ಗಳು ಹಾಳಾಗುತ್ತವೆ. 32 ಬಿಟ್‌ನ ಇಂಡೆಕ್ಸ್ ಹಾಗೇ ಉಳಿಯುತ್ತದೆ, ಅರ್ಧ ಜಾಗ ತಿನ್ನುತ್ತದೆ, ಆಬ್ಜೆಕ್ಟ್ ಫೈಲಿನಲ್ಲಿ ಬರೆದಿರುವುದೂ ಇಂಡೆಕ್ಸ್ ಆದ್ದರಿಂದ ಫೈಲಿನ ಮೂಲ ಸಂಖ್ಯೆಯನ್ನು ಕೂಡಿಸಿದರೆ ಕೆಲಸ ಮುಗಿಯಿತು. ಪಾಯಿಂಟರ್‌ಗೆ ಇರುವ ಒಂದೇ ಅನುಕೂಲ ಡಿಬಗರ್‌ನಲ್ಲಿ ನೋಡುವಾಗ ನೇರವಾಗಿ ಒಳಗೆ ಇಳಿಯಬಹುದು ಎಂಬುದು, ಅದಕ್ಕೆ ಬದಲಾಗಿ ಸೆಕ್ಷನ್ ಸಂಖ್ಯೆ ಕೊಟ್ಟರೆ ಹೆಸರು, ಬ್ಯಾಂಕ್, ವಿಳಾಸ ಮುದ್ರಿಸುವ ಒಂದು ಸಣ್ಣ ಫಂಕ್ಷನ್ ಬರೆದಿಟ್ಟುಕೊಂಡಿದ್ದೇನೆ.