ಸಂಡೆ ಬಜಾರ್: ಕಾಗದ ಕೊಳ್ಳಿ, ಹಿತ್ತಾಳೆ ಬಿಡಿ

ಬೆಂಗಳೂರಿನ ಚಿಕ್ಕಪೇಟೆ ಮಗ್ಗುಲಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ವಾರವೆಲ್ಲ ವೈರು, ಸ್ವಿಚ್ಚು, ಬಲ್ಬಿನ ಅಂಗಡಿಗಳದೇ ಭರಾಟೆ. ಭಾನುವಾರ ಷಟರುಗಳು ಇಳಿದ ಮೇಲೆ ಅವುಗಳ ಮುಂದೆಯೇ ಟಾರ್ಪಾಲು ಹಾಸಿಕೊಂಡು ಇನ್ನೊಂದು ಪೇಟೆ ಏಳುತ್ತದೆ. ನಿಂತ ಗಡಿಯಾರ, ಕೆಟ್ಟ ಕ್ಯಾಮೆರಾ, ಒಂಟಿ ಶೂ, ನಾಣ್ಯ, ಯಾರದೋ ಮನೆಯ ಮದುವೆ ಫೋಟೊ ಎಲ್ಲವೂ ಒಂದೇ ರಾಶಿಯಲ್ಲಿ. ಸೈನ್ಸ್ ಫಿಕ್ಷನ್, ಹಳೇ ಫೋಟೊ, ವಿಚಿತ್ರ ಸಾಮಾನು, ಈ ಮೂರರ ಹುಚ್ಚೂ ಒಟ್ಟಿಗೆ ಹತ್ತಿದವರಿಗೆ ಈ ಬಜಾರ್ ಹೇಗಿದೆ? ಫೋಟೊಗೆ ಒಳ್ಳೆಯ ಜಾಗ, ಪುಸ್ತಕಕ್ಕೆ ಸಾಧಾರಣ, ಹಿತ್ತಾಳೆಗೆ ಹೋದರೆ ಟೋಪಿ ಖಾತ್ರಿ.

ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ನಡೆಯಿರಿ, ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಒಳ್ಳೆಯದು ಬೇರೆಯವರ ಪಾಲಾಗಿರುತ್ತದೆ. ಜೇಬಿನಲ್ಲಿ ನಾಲ್ಕು ಸಾಮಾನು ಇರಲಿ: 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ನೋಟು ಪರೀಕ್ಷಿಸುವ ಯುವಿ ಟಾರ್ಚು, ಸಣ್ಣ ಅಯಸ್ಕಾಂತ, ಫೋಟೊ ನಡುವೆ ಇಟ್ಟು ತರಲು ಎರಡು ಗಟ್ಟಿ ರಟ್ಟು.

ಫೋಟೊ ಕೈಗೆ ಬಂದರೆ ಮೊದಲು ಭೂತಗನ್ನಡಿ ಹಿಡಿಯಿರಿ. ಸಾಲುಸಾಲು ಚುಕ್ಕಿ ಕಂಡರೆ ಅದು ಪುಸ್ತಕದಿಂದಲೋ ಕ್ಯಾಲೆಂಡರಿನಿಂದಲೋ ಕತ್ತರಿಸಿದ ಮುದ್ರಣ. ಅಡ್ಡಾದಿಡ್ಡಿ ಬಣ್ಣದ ಕಣ ಕಂಡರೆ ಇಂಕ್‌ಜೆಟ್ ನಕಲು. ಅಸಲಿ ಫೋಟೊದಲ್ಲಿ ಕಪ್ಪು ನಿಧಾನವಾಗಿ ಬಿಳಿಗೆ ಕರಗುತ್ತದೆ, ಚುಕ್ಕಿ ಇರುವುದಿಲ್ಲ. ಆಮೇಲೆ ಫೋಟೊವನ್ನು ಅಂಗೈ ನೆರಳಿಗೆ ತಂದು ಯುವಿ ಟಾರ್ಚು ಹಾಕಿ. ಫೋಟೊ ಕಾಗದ ಬೆಳ್ಳಗೆ ಕಾಣಲೆಂದು, ಯುವಿಯಲ್ಲಿ ನೀಲಿಯಾಗಿ ಹೊಳೆಯುವ ರಾಸಾಯನಿಕ ಸೇರಿಸುವ ರೂಢಿ ಬಂದದ್ದು 1950ರ ದಶಕದಲ್ಲಿ. ‘1920ರದ್ದು ಸಾರ್’ ಎಂದ ಚಿತ್ರ ನೀಲಿಯಾಗಿ ಹೊಳೆದರೆ ಅದು ಆಮೇಲೆ ತೆಗೆದ ಪ್ರತಿ. ಹೊಳೆಯದಿದ್ದ ಮಾತ್ರಕ್ಕೆ ಹಳೆಯದೆಂದೂ ಅಲ್ಲ, ಎಲ್ಲ ಕಾಗದಕ್ಕೂ ಅದನ್ನು ಹಾಕುತ್ತಿರಲಿಲ್ಲ.

ತೆಳ್ಳನೆಯ ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿದ, ಕಂದು ಛಾಯೆಯ ಚಿತ್ರ ಸಿಕ್ಕರೆ ಉಸಿರು ಬಿಗಿಹಿಡಿದು ನೋಡಿ. ಮೊಟ್ಟೆಯ ಬಿಳಿಯ ಲೇಪದ ಆಲ್ಬುಮೆನ್ ಪ್ರಿಂಟ್ ಇರಬಹುದು, 1850ರಲ್ಲಿ ಹುಟ್ಟಿದ ವಿಧಾನ. ಚಿತ್ರದ ಬಿಳಿ ಭಾಗ ಹಳದಿಗೆ ತಿರುಗಿರುತ್ತದೆ, ಭೂತಗನ್ನಡಿಯಲ್ಲಿ ಕಾಗದದ ನಾರು ಕಾಣುತ್ತದೆ. ರಟ್ಟಿನ ಅಳತೆಯೂ ಕಾಲ ಹೇಳುತ್ತದೆ: ಸುಮಾರು 2.5ಕ್ಕೆ 4 ಇಂಚಿನದು ವಿಸಿಟಿಂಗ್ ಕಾರ್ಡ್ ಗಾತ್ರದ ಫೋಟೊ, ಅಂದರೆ ಕಾರ್ಟ್ ದ ವಿಸಿಟ್, 4.25ಕ್ಕೆ 6.5 ಇಂಚಿನದು 1860ರ ದಶಕದ ಕೊನೆಯಿಂದ ಬಂದ ಕ್ಯಾಬಿನೆಟ್ ಕಾರ್ಡ್. 3.5ಕ್ಕೆ 7 ಇಂಚಿನ ರಟ್ಟಿನ ಮೇಲೆ ಒಂದೇ ದೃಶ್ಯ ಅಕ್ಕಪಕ್ಕ ಎರಡು ಸಲ ಇದ್ದರೆ, ಜೋಡಿ ಮಸೂರದಲ್ಲಿ ನೋಡಿದಾಗ ಆಳ ಕಾಣುವ ಸ್ಟೀರಿಯೊ ಕಾರ್ಡ್; ಇದನ್ನು ಚೌಕಾಸಿಯ ನೆಪದಲ್ಲಿ ವಾಪಸ್ ಇಟ್ಟುಬರಬೇಡಿ. ಕಪ್ಪು ಲೋಹದ ತಗಡಿನ ಮೇಲಿನ ಚಿತ್ರಕ್ಕೆ ಅಯಸ್ಕಾಂತ ಅಂಟಿದರೆ ಟಿನ್‌ಟೈಪ್. ಹೆಸರು ಟಿನ್, ಒಳಗಿರುವುದು ಕಬ್ಬಿಣ.

ಕಪ್ಪು–ಬಿಳುಪು ಚಿತ್ರವನ್ನು ಓರೆಯಾಗಿ ಹಿಡಿದಾಗ ಅಂಚಿನ ಕಪ್ಪು ಭಾಗದಲ್ಲಿ ನೀಲಿ ಬೆಳ್ಳಿಯ ಹೊಳಪು ಕಂಡರೆ ಹಾಳಾಗಿದೆ ಎಂದು ಬಿಡಬೇಡಿ. ಒಳಗಿನ ಬೆಳ್ಳಿ ಮೇಲಕ್ಕೆ ಬಂದಿದೆ ಅಷ್ಟೆ, ಅದೇ ವಯಸ್ಸಿನ ಗುರುತು. ಹಿಂದೆ ಸ್ಟುಡಿಯೊ ಮುದ್ರೆ ಇದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಜಿ.ಕೆ. ವೇಲ್ ಸ್ಟುಡಿಯೊ ಶುರುವಾದದ್ದು 1910ರಲ್ಲಿ, ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ವೇಲ್ ಮುದ್ರೆಯ ಫೋಟೊವನ್ನು ‘ರಾಣಿ ಕಾಲದ್ದು’ ಎಂದು ಮಾರಿದರೆ ನಕ್ಕು, ಬೆಲೆ ಇಳಿಸಿ.

ಕಟ್ಟು ಹಾಕಿದ ಫೋಟೊಗಳಲ್ಲಿ ಒಂದು ಮೋಸ ಇದೆ, ಅದು ಮಾರುವವರದಲ್ಲ, ಮಳೆಗಾಲದ್ದು. ಗಾಜಿನ ಹಿಂದೆ ಒಂದು ಭಾಗ ಒದ್ದೆಯಂತೆ ಗಾಢವಾಗಿ ಕಂಡರೆ ಚಿತ್ರವನ್ನು ಹೊತ್ತ ಜೆಲಾಟಿನ್ ಪದರ ಗಾಜಿಗೆ ಕಚ್ಚಿಕೊಂಡಿದೆ. ‘ಬಿಚ್ಚಿ ಕೊಡ್ತೀನಿ’ ಎಂದರೆ ಬೇಡ ಅನ್ನಿ. ಕಿತ್ತರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ತನ್ನಿ. ಆಲ್ಬಮ್ ಸಿಕ್ಕರೆ ಇಡಿಯಾಗಿ ಕೇಳಿ, ಬಿಡಿ ಫೋಟೊ ಕೀಳಿಸಿದರೆ ಯಾರ ಮನೆ, ಯಾವ ಊರು ಎಂಬ ಸುಳಿವೆಲ್ಲ ಹೋಗುತ್ತದೆ.

ಪುಸ್ತಕದ ಮಾತು ಬೇಗ ಮುಗಿಯುತ್ತದೆ. ಸೈನ್ಸ್ ಫಿಕ್ಷನ್ ಪೇಪರ್‌ಬ್ಯಾಕು ಅಪರೂಪಕ್ಕೆ ಬರುತ್ತವೆ, ಬಂದರೂ ಅಗ್ಗದ ಕಾಗದ ಹುಳಿತು ಕಂದಾಗಿ, ಮೂಲೆ ಹಪ್ಪಳದಂತೆ ಮುರಿಯುತ್ತದೆ. ಬೆನ್ನಿನ ಅಂಟು ಒಣಗಿರುವುದರಿಂದ ಪೂರ್ತಿ ಅಗಲಿಸಬೇಡಿ. ಅಮೆರಿಕದ ಏಸ್ ಪ್ರಕಾಶನ 1952ರಲ್ಲಿ ಶುರುಮಾಡಿದ ‘ಏಸ್ ಡಬಲ್’ ಪುಸ್ತಕಗಳಲ್ಲಿ ಎರಡು ಕಾದಂಬರಿ ಬೆನ್ನಿಗೆ ಬೆನ್ನು, ಒಂದು ತಲೆಕೆಳಗು. ಎರಡರ ಕೊನೆಯ ಪುಟವೂ ನಡುಮಧ್ಯದಲ್ಲಿ ಇರುತ್ತದೆ, ಅವು ಹರಿದುಹೋಗದೆ ಇವೆಯೇ ನೋಡಿ. ಕನ್ನಡದ್ದು ಬೇಕಿದ್ದರೆ ವಾರಪತ್ರಿಕೆಯ ಧಾರಾವಾಹಿ ಹಾಳೆ ಕಿತ್ತು ದಾರದಲ್ಲಿ ಹೊಲಿದ ಕಟ್ಟುಗಳನ್ನು ಹುಡುಕಿ. ಕಂತು ತಪ್ಪಿದೆಯೇ ಎಂದು ಅಲ್ಲೇ ಎಣಿಸಿ. ಬರೀ ಪುಸ್ತಕಕ್ಕಾಗಿ ಹೊರಟಿದ್ದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬ್ರಿಗೇಡ್ ರಸ್ತೆ ಪಕ್ಕದ, 1945ರಿಂದ ಇರುವ ಸೆಲೆಕ್ಟ್ ಪುಸ್ತಕದಂಗಡಿಗಳೇ ಮೇಲು.

ಫೋಟೊ ಹುಚ್ಚಿಗೂ ವಿಚಿತ್ರ ವಸ್ತುವಿನ ಹುಚ್ಚಿಗೂ ಒಟ್ಟಿಗೆ ಸಲ್ಲುವುದು, ಕಣ್ಣಿಗೆ ಹಿಡಿದು ಚಿತ್ರ ನೋಡುವ ವ್ಯೂಮಾಸ್ಟರ್ ಎಂಬ ಆಟಿಕೆಯ ಚಕ್ರ, 1939ರ ಆವಿಷ್ಕಾರ. ಒಂದೊಂದರಲ್ಲಿ 14 ಪುಟ್ಟ ಫಿಲ್ಮು, 7 ದೃಶ್ಯ. ಆಕಾಶಕ್ಕೆ ಹಿಡಿಯಿರಿ. ಹಳೇ ಕೊಡಾಕ್ರೋಮ್ ಫಿಲ್ಮು ಆದರೆ ನೀಲಿ ನೀಲಿಯಾಗಿಯೇ ಇರುತ್ತದೆ, ಆಮೇಲಿನ ಅಗ್ಗದ ಫಿಲ್ಮು ಕುಂಕುಮದ ಬಣ್ಣಕ್ಕೆ ತಿರುಗಿರುತ್ತದೆ.

ಇನ್ನು ಹಿತ್ತಾಳೆ. ‘ಲಂಡನ್ 1885’ ಎಂದು ಕೊರೆದ ದಿಕ್ಸೂಚಿ, ದೂರದರ್ಶಕಗಳು ರೂರ್ಕಿ ಕಡೆ ಹೊಸದಾಗಿ ತಯಾರಾಗುವಂಥವು. ಥಳಥಳಿಸುವ ಹಿತ್ತಾಳೆ ಕೊಳವೆಯ ಗ್ರಾಮಫೋನು ಹಳೇ ಮೋಟಾರಿಗೆ ಹೊಸ ಪೆಟ್ಟಿಗೆ ಕೂಡಿಸಿದ್ದು. ರಾಮ ಪಟ್ಟಾಭಿಷೇಕ ಇರುವ ‘ಈಸ್ಟ್ ಇಂಡಿಯಾ ಕಂಪನಿ 1818’ ತಾಮ್ರದ ಬಿಲ್ಲೆಯನ್ನು ಕಂಪನಿ ಎಂದೂ ಹೊರಡಿಸಿಲ್ಲ. ಅದಕ್ಕೆ ಅಕ್ಕಿಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ ಎಂದವರಿಂದ ದೂರ ಓಡಿ. ಎಚ್‌ಎಂಟಿ ವಾಚು ಕೊಳ್ಳಬಹುದು, ಆದರೆ ಹಿಂಬದಿ ತೆರೆಸಿ. ಕಿತ್ತಳೆ, ನೇರಳೆ ಡಯಲು, ಭೂತಗನ್ನಡಿಯಲ್ಲಿ ಅಕ್ಷರ ಕದಡಿದಂತೆ ಕಂಡರೆ ಡಯಲಿಗೆ ಮರುಬಣ್ಣ ಬಳಿದಿದ್ದಾರೆ. ಹುಲಿ ಉಗುರು, ದಂತದ ತುಂಡು ಮುಟ್ಟಲೇಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಕೊಂಡವರೂ ಸಿಕ್ಕಿಬೀಳುತ್ತಾರೆ.

ಬಿಲ್ಲಿಲ್ಲ, ವಾಪಸ್ಸಿಲ್ಲ ಎಂದುಕೊಂಡೇ ದುಡ್ಡು ಕೊಡಿ. ತಂದ ಪುಸ್ತಕವನ್ನು ನೇರ ಕಪಾಟಿಗೆ ಸೇರಿಸಬೇಡಿ, ಕಾಗದ ತಿನ್ನುವ ಬೆಳ್ಳಿಹುಳ ಜೊತೆಗೇ ಬಂದಿರುತ್ತದೆ. ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಕವರು ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ನೀರು ಕೂರುತ್ತದೆ. ಗಾಜಿನ ನೆಗೆಟಿವ್‌ಗೆ, ಗಾಜಿಗೆ ಕಚ್ಚಿದ ಫೋಟೊಗೆ ಈ ಉಪಾಯ ಬೇಡ.